ಆರು ಕಂತಿನ ಡಾರ್ಸಿ, ಎರಡು ಗಂಟೆಯ ಡಾರ್ಸಿ: ಮತ್ತೆ ನೋಡುವುದಾದರೆ ಯಾವುದು?

ಎಲಿಜಬೆತ್ ಬೆನೆಟ್ ಮತ್ತು ಸಿರಿವಂತ ಡಾರ್ಸಿಯ ಪ್ರೇಮಕಥೆ ಹೇಳುವ ಜೇನ್ ಆಸ್ಟಿನ್ ಅವರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ತೆರೆಗೆ ಹಲವು ಸಲ ಬಂದಿದೆ, ಆದರೆ ಅಭಿಮಾನಿಗಳ ಜಗಳ ನಡೆಯುವುದು ಎರಡರ ನಡುವೆ. ಒಂದು 1995ರ ಬಿಬಿಸಿ ಧಾರಾವಾಹಿ: ಆರು ಕಂತು, ಹೆಚ್ಚುಕಡಿಮೆ ಐದೂವರೆ ಗಂಟೆ, ಆಂಡ್ರ್ಯೂ ಡೇವೀಸ್ ಚಿತ್ರಕಥೆ, ಜೆನಿಫರ್ ಎಲಿ ಮತ್ತು ಕಾಲಿನ್ ಫರ್ತ್ ಜೋಡಿ. ಇನ್ನೊಂದು ಜೋ ರೈಟ್ ನಿರ್ದೇಶಿಸಿದ 2005ರ ಸಿನಿಮಾ: ಎರಡು ಗಂಟೆ ದಾಟಿ ಕೆಲವೇ ನಿಮಿಷ, ಕೀರಾ ನೈಟ್ಲಿ ಮತ್ತು ಮ್ಯಾಥ್ಯೂ ಮ್ಯಾಕ್‌ಫೇಡಿಯನ್. ಮೊದಲ ಸಲ ನೋಡುವವರಿಗೆ ಧಾರಾವಾಹಿಯೇ ಸರಿ. ಕಥೆ ಬಾಯಿಪಾಠ ಆದಮೇಲೆ ಮಾತ್ರ ಸಿನಿಮಾ ಮುಂದೆ ಹೋಗುತ್ತದೆ, ಅದೂ ಡಾರ್ಸಿಯ ಪತ್ರ ಬರುವ ತನಕ.

ಕಾರಣ ಸರಳ. ಎರಡು ಗಂಟೆಯಲ್ಲಿ 61 ಅಧ್ಯಾಯ ಹಿಡಿಸಬೇಕಾದ ಸಿನಿಮಾ ಮಾತು ಕಡಿಮೆ ಮಾಡಿ ಕಣ್ಣು, ಕೈ, ನಿಲುವಿನ ಮೇಲೆ ಭಾರ ಹಾಕಿದೆ. ಎಲಿಜಬೆತ್‌ಳನ್ನು ಗಾಡಿಗೆ ಹತ್ತಿಸಿ ತಿರುಗಿ ನಡೆಯುವಾಗ ಡಾರ್ಸಿಯ ಬೆರಳುಗಳು ಬಿಗಿದು ಸಡಿಲಾಗುವ ಆ ಪ್ರಸಿದ್ಧ ಕ್ಷಣ ಮೊದಲ ಸಲ ಎಷ್ಟೋ ಜನರ ಕಣ್ಣಿಗೇ ಬೀಳುವುದಿಲ್ಲ. ನೆದರ್‌ಫೀಲ್ಡ್ ಔತಣದಲ್ಲಿ ಕ್ಯಾಮೆರಾ ಕತ್ತರಿಸದೆ ಕೋಣೆಯಿಂದ ಕೋಣೆಗೆ ಹೋಗುತ್ತದಲ್ಲ, ಅಲ್ಲಿ ಪ್ರತಿ ಸಲವೂ ಒಂದೊಂದೇ ಪಾತ್ರವನ್ನು ಹಿಂಬಾಲಿಸಿ ನೋಡಬಹುದು. ಧಾರಾವಾಹಿಯ ಸೊಗಸು ಸಂಭಾಷಣೆಯಲ್ಲಿದೆ. ಅದು ಮೊದಲ ಸಲವೇ ಪೂರ್ತಿ ದಕ್ಕಿಬಿಡುತ್ತದೆ. ಅಲಿಸನ್ ಸ್ಟೆಡ್‌ಮನ್ ಅವರ ಮಿಸೆಸ್ ಬೆನೆಟ್ ಮೊದಲು ನಗಿಸಿ, ಆಮೇಲಾಮೇಲೆ ಕಿವಿ ಮುಚ್ಚಿಕೊಳ್ಳುವಂತೆ ಮಾಡುತ್ತಾಳೆ. ಸಿನಿಮಾದ ಬ್ರೆಂಡಾ ಬ್ಲೆಥಿನ್‌ಗೆ ಆ ತೊಂದರೆಯಿಲ್ಲ. ಅವಳ ಗದ್ದಲದ ಹಿಂದೆ ಐದು ಹೆಣ್ಣುಮಕ್ಕಳ ತಾಯಿಯ ದಿಗಿಲು ಕಾಣುತ್ತದೆ.

ಗಂಡನ ಪಾತ್ರದಲ್ಲಿ ಲೆಕ್ಕ ತಿರುಗುಮುರುಗು. ಧಾರಾವಾಹಿಯ ಬೆಂಜಮಿನ್ ವಿಟ್ರೋ ಅವರ ಬೆನೆಟ್ ಚುಚ್ಚುಮಾತಿನ, ಜವಾಬ್ದಾರಿ ಕೊಡವಿಕೊಂಡ ಅಪ್ಪ. ಕಾದಂಬರಿಯಲ್ಲಿ ಇರುವುದೂ ಹಾಗೆಯೇ. ಸಿನಿಮಾದ ಡೊನಾಲ್ಡ್ ಸದರ್‌ಲ್ಯಾಂಡ್ ಮೃದುವಾಗಿಬಿಟ್ಟಿದ್ದಾರೆ. ಕಿರಿಮಗಳು ಲಿಡಿಯಾ ಓಡಿಹೋಗಿದ್ದಕ್ಕೆ ಅಪ್ಪನ ಉದಾಸೀನವೂ ಕಾರಣ ಎಂಬುದು ಆ ಮೃದುತನದಲ್ಲಿ ಕರಗಿಹೋಗುತ್ತದೆ.

ಮನೆಯ ವಿಷಯದಲ್ಲೂ ನನ್ನ ತಕರಾರಿದೆ. ವರ್ಷಕ್ಕೆ 2,000 ಪೌಂಡ್ ಆದಾಯವಿರುವ ಬೆನೆಟ್ ಕುಟುಂಬದ ಮನೆ ಲಾಂಗ್‌ಬೋರ್ನ್‌ನಲ್ಲಿ ಸಿನಿಮಾ ಹಂದಿಯನ್ನು ಓಡಾಡಿಸುತ್ತದೆ. 10,000 ಪೌಂಡಿನ ಡಾರ್ಸಿಗೂ ಇವರಿಗೂ ಇರುವ ಅಂತರ ಕಣ್ಣಿಗೆ ಹೊಡೆಯಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ‘ಅವರೂ ಮನೆತನಸ್ಥರು, ನಾನೂ ಮನೆತನಸ್ಥರ ಮಗಳು’ ಎಂದು ಎಲಿಜಬೆತ್ ಡಾರ್ಸಿಯ ತಾಯಿಯ ಸೋದರಿ ಲೇಡಿ ಕ್ಯಾಥರಿನ್‌ಗೆ ಕೊಡುವ ಉತ್ತರದ ಬುಡವೇ ಅಲ್ಲಿ ಅಲುಗಾಡುತ್ತದೆ. ಧಾರಾವಾಹಿಯ ಅಚ್ಚುಕಟ್ಟಾದ ಮನೆಯೇ ಆ ವಾದಕ್ಕೆ ಸಾಕ್ಷಿ. ಉಡುಪಿನ ವ್ಯತ್ಯಾಸ ಬೇರೆ ಬಗೆಯದು. ಧಾರಾವಾಹಿ ಕಾದಂಬರಿ ಅಚ್ಚಾದ 1810ರ ದಶಕದ ಎತ್ತರದ ಸೊಂಟದ ಗೌನುಗಳನ್ನು ಆರಿಸಿಕೊಂಡರೆ, ಸಿನಿಮಾ ಆಸ್ಟಿನ್ ಮೊದಲ ಕರಡು ಬರೆದ 1790ರ ದಶಕಕ್ಕೆ ಹಿಂದೆ ಸರಿದಿದೆ. ಎರಡೂ ತಪ್ಪಲ್ಲ. ತಮಾಷೆಯೆಂದರೆ ಎರಡರಲ್ಲೂ ಕುಣಿಯುವ ರಾಗಗಳು ಮಾತ್ರ 17ನೇ ಶತಮಾನದ ಕೊನೆಯವು, ಆ ಹುಡುಗ ಹುಡುಗಿಯರಿಗೆ ಮುತ್ತಜ್ಜನ ಕಾಲದವು.

ಈಗ ಪತ್ರ. ಎಲಿಜಬೆತ್ ಬದಲಾಗುವುದು ಮಳೆಯಲ್ಲಲ್ಲ, ಕೊಳದಲ್ಲೂ ಅಲ್ಲ, ಆ ಪತ್ರ ಓದುವಾಗ. ಧಾರಾವಾಹಿ ಮೂರನೇ ಕಂತನ್ನು ಡಾರ್ಸಿಯ ಮದುವೆ ಪ್ರಸ್ತಾಪವನ್ನು ಅವಳು ತಿರಸ್ಕರಿಸುವಲ್ಲಿಗೆ ನಿಲ್ಲಿಸಿ ನಾಲ್ಕನೇ ಕಂತನ್ನು ಪತ್ರದಿಂದಲೇ ಎತ್ತಿಕೊಳ್ಳುತ್ತದೆ. ಡಾರ್ಸಿ ರಾತ್ರಿಯೆಲ್ಲ ಬರೆಯುವುದು, ಎಲಿಜಬೆತ್ ನಂಬಿದ್ದ ಸೇನಾಧಿಕಾರಿ ವಿಕ್‌ಹ್ಯಾಮ್‌ನ ಹಳೆಯ ಕಥೆ, ತಂಗಿ ಜಾರ್ಜಿಯಾನಾಳನ್ನು ಅವನು ಮರುಳು ಮಾಡಿದ್ದು ಎಲ್ಲವೂ ದೃಶ್ಯವಾಗಿ ಬರುತ್ತದೆ. ಎಲಿಜಬೆತ್ ಮೊದಲು ಸಿಟ್ಟಿನಿಂದ ಓದಿ, ಆಮೇಲೆ ಸಾಲುಸಾಲನ್ನೂ ತೂಗುತ್ತಾಳೆ. ಸಿನಿಮಾದಲ್ಲಿ ಸ್ಟೋರ್‌ಹೆಡ್ ತೋಟದ ಅಪೊಲೊ ಗುಡಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ನಡೆಯುವ ಜಗಳ ಅದ್ಭುತವೇ. ಆದರೆ ಪತ್ರ ಹಿನ್ನೆಲೆ ಧ್ವನಿಯಲ್ಲಿ ಸರಸರನೆ ಮುಗಿಯುತ್ತದೆ. ವಿಕ್‌ಹ್ಯಾಮ್‌ಗೆ ಮೊದಲೇ ಕೊಟ್ಟ ದೃಶ್ಯಗಳು ಬೆರಳೆಣಿಕೆ, ಹಾಗಾಗಿ ಅವನ ಮುಖವಾಡ ಕಳಚಿದರೂ ನಮಗೆ ಪೆಟ್ಟು ತಾಗುವುದಿಲ್ಲ.

ಡಾರ್ಸಿಯ ಬಂಗಲೆ ಪೆಂಬರ್ಲಿಯಲ್ಲೂ ಇದೇ ಕಥೆ. ಧಾರಾವಾಹಿಯಲ್ಲಿ ಕೊಳಕ್ಕೆ ಹಾರಿ ಬರುವ ಒದ್ದೆ ಅಂಗಿಯ ಡಾರ್ಸಿ ಕಾದಂಬರಿಯಲ್ಲಿಲ್ಲ, ಸಿನಿಮಾ ತೋರಿಸುವ ಚಾಟ್ಸ್‌ವರ್ತ್ ಬಂಗಲೆಯ ಶಿಲ್ಪಗಳ ಸಾಲೂ ಇಲ್ಲ. ಅಲ್ಲಿರುವುದು ಅವನ ಭಾವಚಿತ್ರ. ತನ್ನನ್ನು ನೋಡುವಾಗ ಅವನ ಮುಖದಲ್ಲಿ ಮೂಡುತ್ತಿದ್ದ ನಗುವನ್ನು ಎಲಿಜಬೆತ್ ಆ ಚಿತ್ರದಲ್ಲಿ ಗುರುತಿಸುತ್ತಾಳೆ. ಧಾರಾವಾಹಿ ಚಿತ್ರವನ್ನು ಉಳಿಸಿಕೊಂಡಿದೆ. ಸಿನಿಮಾದ ಅಮೃತಶಿಲೆಯ ತಲೆ ನೋಡಲು ಚೆಂದ, ಅದರಲ್ಲಿ ಆ ನಗುವಿಲ್ಲ.

ಒಂದು ಕಡೆ ಮಾತ್ರ ಸಿನಿಮಾದ ಅವಸರವೇ ಗೆದ್ದಿದೆ: ಎಲಿಜಬೆತ್‌ಳ ಗೆಳತಿ ಷಾರ್ಲಟ್. ತನಗೆ ಇಪ್ಪತ್ತೇಳು, ಕೈಯಲ್ಲಿ ಕಾಸಿಲ್ಲ, ಹೆದರಿಕೆಯಾಗುತ್ತಿದೆ ಎಂದು ಅವಳು ಹೇಳುವ ನಾಲ್ಕು ಮಾತು ಪೆದ್ದ ಪಾದ್ರಿ ಕಾಲಿನ್ಸ್‌ನಂಥವನನ್ನು ಮದುವೆಗೆ ಯಾಕೆ ಒಪ್ಪಿದಳು ಎಂಬುದನ್ನು ಮುಗಿಸಿಬಿಡುತ್ತವೆ.

1940ರ ಗ್ರೀರ್ ಗಾರ್ಸನ್, ಲಾರೆನ್ಸ್ ಒಲಿವಿಯೆ ಜೋಡಿಯ ಕಪ್ಪುಬಿಳುಪು ಚಿತ್ರವನ್ನು ಕುತೂಹಲಕ್ಕೆ ನೋಡಿ. ಉಡುಪು 1830ರ ದಶಕಕ್ಕೆ ಜಿಗಿದಿದೆ, ಲೇಡಿ ಕ್ಯಾಥರಿನ್ ಕೊನೆಗೆ ಒಳ್ಳೆಯವಳಾಗಿಬಿಡುತ್ತಾಳೆ. ಹಾಸ್ಯಚಿತ್ರವಾಗಿ ಚುರುಕಾಗಿದೆ, ಅಷ್ಟೇ.

ನೋಡುವ ಕ್ರಮ ಹೀಗಿರಲಿ. ಚಲನೆಯನ್ನು ಅತಿಯಾಗಿ ನಯಗೊಳಿಸುವ ಟಿವಿಯ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ. ಅದು ಆನ್ ಇದ್ದರೆ ಆ ಉದ್ದನೆಯ ಶಾಟ್‌ಗಳು ವಿಡಿಯೊ ನಾಟಕದಂತೆ ಕಾಣುತ್ತವೆ. ಧಾರಾವಾಹಿ ಚಿತ್ರಿತವಾದದ್ದು ಸೂಪರ್ 16 ಫಿಲ್ಮ್‌ನಲ್ಲಿ, ಸಣ್ಣ ಕಾಳುಕಾಳು ಸಹಜ. ಆ ಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಹಾಕಿದರೆ ಮುಖಗಳು ಮೇಣದಂತಾಗುತ್ತವೆ. ಸಿನಿಮಾದ ಬೆನೆಟ್ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಅಲ್ಲಿಗೆ ಸಬ್‌ಟೈಟಲ್ ಬೇಕೇ ಬೇಕು. ಧಾರಾವಾಹಿಯನ್ನು ದಿನಕ್ಕೆ ಎರಡು ಕಂತಿನಂತೆ ಮೂರು ದಿನಕ್ಕೆ ಹಂಚಿದರೆ ಎರಡನೇ ದಿನ ತಿರಸ್ಕಾರವೂ ಪತ್ರವೂ ಒಟ್ಟಿಗೆ ಸಿಗುತ್ತವೆ. ಮೂರನೇ ಕಂತಿಗೇ ನಿಲ್ಲಿಸಿ ಮಲಗಿದರೆ ಜಗಳದ ಬಿಸಿ ಆರಿಹೋಗುತ್ತದೆ.

ಸಿನಿಮಾಕ್ಕೆ ಎರಡು ಕೊನೆಗಳಿವೆ ಎಂಬುದೂ ನೆನಪಿರಲಿ. ಬ್ರಿಟನ್ನಿನ ಪ್ರತಿ ಅಪ್ಪ ಒಪ್ಪಿಗೆ ಕೊಟ್ಟು ನಗುವಲ್ಲಿಗೆ ಮುಗಿಯುತ್ತದೆ. ಅಮೆರಿಕದ ಪ್ರತಿಯಲ್ಲಿ ಪೆಂಬರ್ಲಿಯ ರಾತ್ರಿ, ‘ಮಿಸೆಸ್ ಡಾರ್ಸಿ’ ಎಂಬ ಕರೆ, ಮುತ್ತು ಇವೆ. ಆ ಸಕ್ಕರೆ ಬೇಡವಾದರೆ ಅಪ್ಪ ನಕ್ಕ ಕೂಡಲೇ ನಿಲ್ಲಿಸಿ.