ರಸೀದಿಯಲ್ಲಿ ‘ದೇಣಿಗೆ’ ಅಂತ ಬರೆದುಕೊಟ್ಟ ಕಂಪ್ಯೂಟರ್ ಸೆಂಟರ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನಿನ್ನೆ ದಾವಣಗೆರೆಯಲ್ಲಿ ಬಸ್ಸಿಳಿದು ನಡೆಯುವಾಗ ನಾನು ಕಲಿತ ಕಂಪ್ಯೂಟರ್ ಸೆಂಟರಿನ ಒಂದು ಫ್ಲೆಕ್ಸ್ ಕಣ್ಣಿಗೆ ಬಿತ್ತು. ‘ನಮ್ಮಲ್ಲಿ ಕಲಿತು ಉದ್ಯೋಗ ಪಡೆದವರು’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಕೆಳಗೆ ಎಂಟು ಫೋಟೋ. ಎರಡನೇ ಸಾಲಿನ ಮೊದಲ ಫೋಟೋ ನನ್ನದು.

ನನಗೆ ಯಾವ ಕೆಲಸವೂ ಸಿಕ್ಕಿಲ್ಲ. ಸರ್ಟಿಫಿಕೇಟಿಗೆ ಬೇಕು ಅಂತ ಇಸಕೊಂಡ ಪಾಸ್‌ಪೋರ್ಟ್ ಸೈಜ್ ಫೋಟೋ ಅದು. ಅದನ್ನೇ ದೊಡ್ಡದು ಮಾಡಿ ರಸ್ತೆಯಲ್ಲಿ ನೇತುಹಾಕಿದ್ದಾರೆ. ಇಷ್ಟು ದಿನ ನಾಚಿಕೆಗೆ ಯಾರ ಹತ್ತಿರವೂ ಹೇಳಿರಲಿಲ್ಲ, ಮನೆಯಲ್ಲೂ ಪೂರ್ತಿ ಹೇಳಿರಲಿಲ್ಲ. ಆದರೆ ನನ್ನ ಮುಖ ನೋಡಿ ಇನ್ನೊಬ್ಬಳು ದುಡ್ಡು ಕಟ್ಟಿದರೆ? ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಿಯುಸಿ ಕಾಮರ್ಸ್. ಮದುವೆ, ಮಕ್ಕಳು ಅಂತ ಹನ್ನೆರಡು ವರ್ಷ ಮನೆಯಲ್ಲೇ ಇದ್ದೆ. ಕಂಪ್ಯೂಟರ್ ಗೊತ್ತಿದ್ದರೆ ಎಲ್ಲಾದರೂ ಆಪರೇಟರ್ ಕೆಲಸ ಸಿಗುತ್ತದೆ ಅಂತ ಆಸೆ. ಸೆಂಟರ್‌ನಲ್ಲಿ ಹೇಳಿದ್ದು ಆರು ತಿಂಗಳ ‘ಐಟಿ ಡಿಪ್ಲೊಮಾ’. ಹಾರ್ಡ್‌ವೇರ್, ಸಾಫ್ಟ್‌ವೇರ್, ಇಂಟರ್‌ನೆಟ್, ಎಕ್ಸೆಲ್, ಎಲ್ಲಾ ಸೇರಿ 18,500 ರೂಪಾಯಿ. “ಇವತ್ತೇ ಪೂರ್ತಿ ಕಟ್ಟಿದರೆ 15,000 ಮೇಡಂ, ನಾಳೆ ಈ ರೇಟ್ ಇರಲ್ಲ” ಅಂದರು. ಚೀಟಿ ಎತ್ತಿದ ದುಡ್ಡು ಬ್ಯಾಗಲ್ಲೇ ಇತ್ತು. ಕ್ಯಾಶ್ ಕೊಟ್ಟೆ.

ಕೊಡುವ ಮುಂಚೆ ಕೇಳಿದ್ದೆ. ಕೇಳಿಯೇ ಕೊಟ್ಟೆ. “ಸರ್, ಇದು ಗವರ್ನಮೆಂಟ್ ಸರ್ಟಿಫಿಕೇಟಾ?” ಅವರು ಗೋಡೆ ಕಡೆ ಕೈ ತೋರಿಸಿ, “ಬೋರ್ಡ್ ಓದಿಲ್ವಾ ಮೇಡಂ?” ಅಂದರು. ಬೋರ್ಡಿನಲ್ಲಿ ‘ಐಎಸ್‌ಓ 9001:2015’, ‘ಭಾರತ ಸರ್ಕಾರದಲ್ಲಿ ನೋಂದಾಯಿತ’, ‘ನೀತಿ ಆಯೋಗ’ ಅಂತೆಲ್ಲಾ ಇತ್ತು. ಇಷ್ಟು ಇದ್ದ ಮೇಲೆ ಇನ್ನೇನು ಕೇಳುವುದು ಅಂದುಕೊಂಡೆ. ಹೌದು ಅಂತ ಆ ಮನುಷ್ಯ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಅದು ನನಗೆ ಹೊಳೆದಿದ್ದು ಎಷ್ಟೋ ತಿಂಗಳ ಮೇಲೆ.

ಇನ್ನು ಪಾಠ. ಹದಿನಾಲ್ಕು ಜನಕ್ಕೆ ಐದು ಕಂಪ್ಯೂಟರ್. ಎಲ್ಲದರಲ್ಲೂ ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಸಪೋರ್ಟ್ ನಿಲ್ಲಿಸಿದ್ದೇ ಜನವರಿ 2020ರಲ್ಲಿ. ಕೊಟ್ಟ ಜೆರಾಕ್ಸ್ ನೋಟ್ಸ್‌ನಲ್ಲಿ ಹಳೇ ಕಾಲದ 1.44 ಎಂಬಿ ಫ್ಲಾಪಿ ಬಗ್ಗೆ ಒಂದಿಡೀ ಪುಟ ಇದೆ. ಈಗಿನ ಕಂಪ್ಯೂಟರುಗಳಲ್ಲಿ ಫೈಲ್ ಉಳಿಸಿಡುವ ಎಸ್ಎಸ್‌ಡಿ ಅನ್ನುವ ಪದವೇ ಇಲ್ಲ. ಹಾರ್ಡ್‌ವೇರ್ ಅಂದರೆ ಮೂಲೆಯಲ್ಲಿದ್ದ ಒಂದು ಬಿಚ್ಚಿದ ಸಿಪಿಯು. ದೂರ ನಿಂತು “ಇದು ಮದರ್‌ಬೋರ್ಡ್, ಇದು ಎಸ್ಎಂಪಿಎಸ್, ಇದು ರ‍್ಯಾಮ್” ಅಂತ ಹೇಳಿಸಿಕೊಂಡೆವು. ಒಬ್ಬರೂ ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಕನ್ನಡ ಟೈಪಿಂಗ್ ಕೇಳಿದರೆ, “ನುಡಿ ಬೇರೆ ಕೋರ್ಸ್, 3,000 ಆಗುತ್ತೆ.”

ಒಂದು ಸಂಗತಿ ಹೇಳಲೇಬೇಕು. ನಾನು ಕೂರುತ್ತಿದ್ದ ಕಂಪ್ಯೂಟರಿನಲ್ಲಿ ದಿನಾ ಬೆಳಿಗ್ಗೆ ತಾರೀಖು 2009ಕ್ಕೆ ಹೋಗಿರುತ್ತಿತ್ತು. ಬ್ರೌಸರ್ ತೆರೆದರೆ ‘ಸುರಕ್ಷಿತವಲ್ಲ’ ಅಂತ ಬಂದು ಯಾವ ಸೈಟೂ ತೆರೆಯುತ್ತಿರಲಿಲ್ಲ. ಹೇಳಿದರೆ “ನೆಟ್ ಪ್ರಾಬ್ಲಂ, ನಾಳೆ ಬನ್ನಿ.” ಹೀಗೆ ಇಂಟರ್‌ನೆಟ್ ಪಾಠದ ಎರಡು ವಾರ ಪೂರ್ತಿ ಹೋಯಿತು. ಆಮೇಲೊಂದು ದಿನ ನನ್ನ ಸೋದರಮಾವನ ಮಗನಿಗೆ ಇದನ್ನು ಹೇಳಿದೆ. ಅವನು ರಿಪೇರಿ ಕೆಲಸ ಮಾಡುತ್ತಾನೆ. “ಸೆಲ್ ಹೋಗಿದೆ ಕಣಕ್ಕಾ, ಅಷ್ಟೇ” ಅಂದ. ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದ ಹಾಗಿರುವ 3 ವೋಲ್ಟಿನ ಸೆಲ್ ಇರುತ್ತದಂತೆ, ಸಿಆರ್ 2032 ಅಂತ ಅದರ ನಂಬರ್. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಸೈಟುಗಳನ್ನು ನಂಬುವುದಿಲ್ಲ. ನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂಗಡಿಯಲ್ಲಿ ಸಿಗುವ ಒಂದು ಚಿಲ್ಲರೆ ಸೆಲ್ಲು! ಹಾರ್ಡ್‌ವೇರ್ ಕಲಿಸುತ್ತೇವೆ ಅಂತ ದುಡ್ಡು ತಗೊಂಡವರಿಗೆ ತಮ್ಮದೇ ಕಂಪ್ಯೂಟರಿನ ಸೆಲ್ ಸತ್ತಿದ್ದು ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಹಾಕಿಸಲಿಲ್ಲ. ಯಾವುದು ಕೆಟ್ಟದ್ದು ಅಂತ ಇವತ್ತಿಗೂ ನನಗೆ ತಿಳಿಯುತ್ತಿಲ್ಲ.

ಕೋರ್ಸ್ ಮುಗಿದ ಮೇಲೆ ಒಂದು ಸಹಕಾರ ಸಂಘದಲ್ಲಿ ಇಂಟರ್‌ವ್ಯೂ ಇತ್ತು. ಅಲ್ಲಿನ ಸೆಕ್ರೆಟರಿ ವಯಸ್ಸಾದವರು, ಮರ್ಯಾದಸ್ಥರು. ಸರ್ಟಿಫಿಕೇಟ್ ತಿರುಗಿಸಿ ನೋಡಿ, ಅದರ ಮೇಲಿನ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರು. ನನ್ನ ಹೆಸರು, ‘ವೆರಿಫೈಡ್’ ಅಂತ ಬಂತು. ನನಗೆ ಸಮಾಧಾನ ಆಯಿತು. ಅವರು ಮೊಬೈಲನ್ನು ನನ್ನ ಕಡೆ ತಿರುಗಿಸಿ, “ಇದು ಯಾರ ವೆಬ್‌ಸೈಟ್ ನೋಡಿ ತಾಯಿ” ಅಂದರು. ಆ ಸೆಂಟರಿನದೇ. “ಅವರೇ ಬರೆದು, ಅವರೇ ಸರಿ ಅಂತ ಹೇಳಿಕೊಂಡಿದ್ದಾರೆ. ಇದು ನಡೆಯಲ್ಲಮ್ಮಾ. ಹೋಗಲಿ, ಕೆಲಸ ಬರುತ್ತಾ ನೋಡೋಣ, ನುಡಿಯಲ್ಲಿ ಒಂದು ಪತ್ರ ಟೈಪ್ ಮಾಡಿ.” ಬರಲಿಲ್ಲ. ಪ್ರಿಂಟರ್ ಓಡದಿದ್ದರೆ ಮೊದಲು ಏನು ನೋಡುತ್ತೀರಿ ಅಂತ ಕೇಳಿದರು. ಅದೂ ಬರಲಿಲ್ಲ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. ಅವರ ಮುಂದೆ ಆ ಫೈಲ್ ಹಿಡಿದು ನಡೆದು ಬಂದಿದ್ದು ಮರೆಯುವುದಿಲ್ಲ.

ಸೀದಾ ಸೆಂಟರಿಗೆ ಹೋದೆ. ದುಡ್ಡು ಕಟ್ಟುವ ದಿನ ‘ಮೇಡಂ’ ಆಗಿದ್ದವಳು ಈಗ ‘ನೋಡಮ್ಮಾ’ ಆಗಿದ್ದೆ. “ನೋಡಮ್ಮಾ, ಕೆಲಸ ಕೊಡಿಸ್ತೀವಿ ಅಂತ ಎಲ್ಲಾದರೂ ಬರೆದಿದ್ದೀವಾ?” ಸರ್ಟಿಫಿಕೇಟ್ ವಿಷಯ ಎತ್ತಿದೆ. “ರಿಜಿಸ್ಟರ್ಡ್ ಅಂತ ತಾನೇ ಹಾಕಿರೋದು? ರಿಜಿಸ್ಟರ್ಡೇ ಇದೆ.” ಫೀಸ್ ವಾಪಸ್ ಕೊಡಿ ಅಂದೆ. ಆಗ ನಕ್ಕರು. “ಯಾವ ಫೀಸ್? ರಸೀದಿ ನೋಡ್ಕೋ.”

ಅಲ್ಲೇ ನಿಂತು ಬ್ಯಾಗಿನಿಂದ ರಸೀದಿ ತೆಗೆದೆ. ಮೇಲೆ ಒಂದು ಟ್ರಸ್ಟಿನ ಹೆಸರು. ಮೊತ್ತ 15,000. ಬಾಬ್ತು ಅನ್ನುವ ಕಡೆ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ‘ಡೊನೇಷನ್’. ಆರು ತಿಂಗಳು ಆ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಓದಿರಲಿಲ್ಲ. ದುಡ್ಡು ಎಣಿಸಿ ಕೊಟ್ಟೆ, ಕಾಗದ ಮಡಚಿ ಇಟ್ಟುಕೊಂಡೆ, ಅಷ್ಟೇ. ನನ್ನ ಚೀಟಿ ದುಡ್ಡು ಅವರಿಗೆ ದೇಣಿಗೆಯಂತೆ! “ದಾನ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಮ್ಮಾ?” ಅಂದರು. ಈ ಮಾತು ಅವರು ಆಡಿದ್ದು ಹೊಸ ಹುಡುಗಿಯರು ಅಡ್ಮಿಷನ್‌ಗೆ ಕೂತಿದ್ದಾಗಲೇ. ಆ ಹುಡುಗಿಯರಿಗೆ ನಾನು ಏನೂ ಹೇಳಲಿಲ್ಲ. ಗಂಟಲು ಕಟ್ಟಿತ್ತು. ಹೇಳಬೇಕಿತ್ತು.

ಆಮೇಲೆ ವಾಟ್ಸಾಪ್ ಮಾಡಿದೆ. ಮೊದಲ ಉತ್ತರ, “ಟ್ರಸ್ಟ್ ಮೀಟಿಂಗ್‌ನಲ್ಲಿ ಇಡ್ತೀವಿ.” ಎರಡನೆಯದು, “ಅಡ್ವಾನ್ಸ್ ಕೋರ್ಸ್‌ಗೆ ಸೇರಿದರೆ ಅರ್ಧ ಅಡ್ಜಸ್ಟ್ ಮಾಡ್ತೀವಿ.” ಇನ್ನೂ 9,000 ಕೊಡಬೇಕಂತೆ! ಮೂರನೆಯದಕ್ಕೆ ಉತ್ತರ ಬರಲಿಲ್ಲ, ಬ್ಲಾಕ್ ಮಾಡಿದರು. ಬ್ಲಾಕ್ ಮಾಡಿದವರು ನನ್ನ ಫೋಟೋ ಮಾತ್ರ ಇಟ್ಟುಕೊಂಡಿದ್ದಾರೆ.

ಈಗ ತಿಳಿದುಕೊಂಡಿದ್ದನ್ನು ಹೇಳುತ್ತೇನೆ. ‘ನೋಂದಾಯಿತ’ ಬೇರೆ, ‘ಮಾನ್ಯತೆ ಪಡೆದ’ ಬೇರೆ. ನೀತಿ ಆಯೋಗದ ‘ದರ್ಪಣ್’ ಪೋರ್ಟಲ್‌ನಲ್ಲಿ ಟ್ರಸ್ಟುಗಳು ತಮ್ಮ ಹೆಸರು ಹಾಕಿಕೊಳ್ಳಬಹುದು. ಅದು ಕೋರ್ಸಿಗೆ ಕೊಟ್ಟ ಒಪ್ಪಿಗೆ ಅಲ್ಲ. ಐಎಸ್‌ಓ 9001 ಸಂಸ್ಥೆಯ ಆಡಳಿತ ನಡೆಯುವ ರೀತಿಗೆ ಸಂಬಂಧಿಸಿದ್ದು, ಸರ್ಟಿಫಿಕೇಟಿನ ಬೆಲೆಗಲ್ಲ. ಕೇಂದ್ರ ಸರ್ಕಾರದ್ದೇ ಸರ್ಟಿಫಿಕೇಟ್ ಬೇಕು ಅಂದರೆ ನೈಲಿಟ್ ಅನ್ನುವ ಸಂಸ್ಥೆ ಇದೆ. ಅದರ ‘ಸಿಸಿಸಿ’ ಕೋರ್ಸ್ 80 ಗಂಟೆಯದು, ಪರೀಕ್ಷೆ ಮಾಡುವುದೂ ನೈಲಿಟ್‌ನವರೇ. ನಮ್ಮ ರಾಜ್ಯದ್ದು ಕಿಯೋನಿಕ್ಸ್. ಯಾರಾದರೂ ಆ ಹೆಸರು ಹೇಳಿದರೆ ಸೆಂಟರಿನ ಬೋರ್ಡ್ ನಂಬಬೇಡಿ, ನೈಲಿಟ್, ಕಿಯೋನಿಕ್ಸ್‌ನವರನ್ನೇ ವಿಚಾರಿಸಿ. ಪರೀಕ್ಷೆ ಯಾರು ಮಾಡುತ್ತಾರೆ ಅಂತ ಕೇಳಿ. ಇದೊಂದು ಪ್ರಶ್ನೆ ನಾನು ಕೇಳಲಿಲ್ಲ.

ರಸೀದಿಯನ್ನು ಅಲ್ಲೇ, ಅವರ ಮುಂದೆಯೇ, ಪ್ರತಿ ಅಕ್ಷರ ಓದಿ. ಕ್ಯಾಶ್ ಕೊಡಬೇಡಿ. ಸುಮ್ನೆ ಕಲಿಯಬೇಕು ಅಷ್ಟೇ ಅನ್ನುವವರಿಗೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ವಿಡಿಯೋಗಳು ಕನ್ನಡದಲ್ಲೂ ಪುಕ್ಕಟೆ ಇವೆ. ವರ್ಡ್, ಎಕ್ಸೆಲ್ ಥರದ್ದೇ ಕೆಲಸ ಮಾಡುವ ಲಿಬ್ರೆಆಫೀಸ್ ನಾನು ಅಲ್ಲೇ ಕಲಿಯುತ್ತಿದ್ದೇನೆ. ರ‍್ಯಾಮ್ ತೆಗೆದು ಹಾಕುವುದನ್ನು ಮಾವನ ಮಗ ಒಂದು ಸಂಜೆ ಕಲಿಸಿದ. ಹತ್ತು ನಿಮಿಷ ಹಿಡಿಯಿತು.

1915ಕ್ಕೆ, ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುವವಳಿದ್ದೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ‘ಡೊನೇಷನ್’ ಅಂತ ಬರೆದ ಇಂಥ ರಸೀದಿ ನಿಮ್ಮ ಹತ್ತಿರವೂ ಇದ್ದರೆ ದಯವಿಟ್ಟು ಹರಿಯಬೇಡಿ. ಆ ಫ್ಲೆಕ್ಸಿನ ಉಳಿದ ಏಳು ಜನರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನಗೊಂದು ಮೆಸೇಜ್ ಮಾಡಿ, ಒಟ್ಟಿಗೆ ಹೋಗೋಣ.