ಕೋಚ್ ಇಲ್ಲದೆ ಸರ್ವ್ ಸುಧಾರಣೆ: ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಎಷ್ಟು ಕೆಲಸಕ್ಕೆ ಬರುತ್ತದೆ?

ಟೆನಿಸ್‌ನಲ್ಲಿ ಎದುರಾಳಿಯ ಹಂಗಿಲ್ಲದೆ ಆಡುವ ಹೊಡೆತ ಒಂದೇ, ಅದು ಸರ್ವ್, ಅಂದರೆ ಪ್ರತಿ ಪಾಯಿಂಟ್ ಶುರುಮಾಡುವ ಹೊಡೆತ. ಹಾಗಾಗಿ ಒಬ್ಬರೇ ಅಂಗಳಕ್ಕೆ ಹೋಗಿ ಅಭ್ಯಾಸ ಮಾಡಬಹುದಾದ ಹೊಡೆತವೂ ಅದೇ. ತೊಂದರೆ ಏನೆಂದರೆ, ಸರ್ವ್ ಮಾಡುವಾಗ ನಮ್ಮ ಭುಜ, ಮೊಣಕೈ, ರಾಕೆಟ್ ಏನು ಮಾಡುತ್ತಿವೆ ಅಂತ ನಮಗೇ ಕಾಣುವುದಿಲ್ಲ. ಎಲ್ಲವೂ ತಲೆಯ ಮೇಲೆ ಅಥವಾ ಬೆನ್ನ ಹಿಂದೆ ನಡೆಯುತ್ತದೆ. ಕೋಚ್ ಇದ್ದರೆ ಅವರು ನೋಡಿ ಹೇಳುತ್ತಾರೆ. ಕೋಚ್ ಸಿಗದಿರುವ ನಾನು ಕೆಲವು ವರ್ಷಗಳಿಂದ ನೆಚ್ಚಿಕೊಂಡಿರುವುದು ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಮತ್ತು ಒಂದು ಟ್ರೈಪಾಡನ್ನು. ಇದರಿಂದ ಸಿಗುವುದೇನು, ಸಿಗದಿರುವುದೇನು ಅಂತ ಹೇಳುವಷ್ಟು ಬಳಕೆ ಈಗ ಆಗಿದೆ.

ಮೊದಲು ಸ್ಲೋ ಮೋಷನ್ ಯಾಕೆ ಬೇಕು ಅನ್ನುವುದು. ಮಾಮೂಲಿ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ. ಒಂದು ಫ್ರೇಮ್‌ಗೂ ಮುಂದಿನದಕ್ಕೂ 33 ಮಿಲಿಸೆಕೆಂಡ್ ಅಂತರ. ಚೆಂಡು ತಂತಿಗಳಿಗೆ ತಾಗಿರುವುದೋ ಸುಮಾರು 5 ಮಿಲಿಸೆಕೆಂಡ್ ಮಾತ್ರ. ಹೀಗಾಗಿ ಒಂದು ಚಿತ್ರದಲ್ಲಿ ರಾಕೆಟ್ ಇನ್ನೂ ಮೇಲೇರುತ್ತಿದ್ದರೆ ಮುಂದಿನದರಲ್ಲಿ ಚೆಂಡು ಹೊರಟೇ ಹೋಗಿರುತ್ತದೆ. ನಾವು ನೋಡಬೇಕಾದದ್ದೆಲ್ಲ ಆ ನಡುವೆ ಕಳೆದುಹೋಗುತ್ತದೆ. 240 ಫ್ರೇಮ್‌ನಲ್ಲಿ ಈ ಅಂತರ 4 ಮಿಲಿಸೆಕೆಂಡ್ ಚಿಲ್ಲರೆಗೆ ಇಳಿಯುತ್ತದೆ. ಚೆಂಡು ತಾಗುವ ಗಳಿಗೆ ಹೆಚ್ಚು ಕಡಿಮೆ ಸಿಕ್ಕೇ ಸಿಗುತ್ತದೆ. ಟಾಸ್ (ಹೊಡೆಯಲು ಚೆಂಡನ್ನು ಮೇಲಕ್ಕೆ ಎಸೆಯುವುದು) ಮತ್ತು ಕಾಲಿನ ಕೆಲಸ ನೋಡಲು 120 ಫ್ರೇಮ್ ಸಾಕು. ಕೆಲವು ಫೋನ್‌ಗಳಲ್ಲಿ 960 ಅಂತ ದೊಡ್ಡ ಸಂಖ್ಯೆ ಇರುತ್ತದೆ. ಅದರಲ್ಲಿ ಎಷ್ಟೋ ಫ್ರೇಮ್‌ಗಳನ್ನು ಫೋನ್ ತಾನೇ ಊಹಿಸಿ ಸೇರಿಸಿರುವುದೂ ಉಂಟು. ಸಂಖ್ಯೆ ನೋಡಿ ಫೋನ್ ಕೊಳ್ಳಬೇಡಿ.

ಬೆಳಕು ಚೆನ್ನಾಗಿರಬೇಕು. ಸಂಜೆ ಮಬ್ಬಿನಲ್ಲಿ ರಾಕೆಟ್ ಕಲಸಿದ ಗೆರೆಯಂತೆ ಕಾಣುತ್ತದೆ. ಕೆಲವು ಫ್ಲಡ್‌ಲೈಟ್‌ಗಳ ಕೆಳಗೆ ಚಿತ್ರ ಮಿನುಗುತ್ತದೆ. ಬಿಸಿಲು ಜೋರಾಗಿದ್ದರೆ ಫೋನ್ ಕಾದು ರೆಕಾರ್ಡಿಂಗ್ ನಿಂತುಬಿಡುತ್ತದೆ. ನನಗೆ ಬೆಳಗಿನ ಹೊತ್ತೇ ಸರಿಹೋಗಿದೆ.

ಕ್ಯಾಮೆರಾ ಎಲ್ಲಿಡಬೇಕು ಅನ್ನುವುದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಎರಡು ಜಾಗ ಸಾಕು. ಒಂದು, ಬೇಸ್‌ಲೈನ್‌ನ (ಸರ್ವ್ ಮಾಡುವವರು ನಿಲ್ಲುವ, ಅಂಗಳದ ಹಿಂದಿನ ಗೆರೆ) ನೇರಕ್ಕೆ, ಬಲಗೈ ಆಟಗಾರರಿಗೆ ಬಲಬದಿಯಲ್ಲಿ, ಎದೆ ಕಾಣುವಂತೆ. ಟಾಸ್ ಎಷ್ಟು ಮುಂದಕ್ಕೆ ಹೋಗುತ್ತದೆ, ಚೆಂಡನ್ನು ಎಷ್ಟು ಎತ್ತರದಲ್ಲಿ ಹೊಡೆಯುತ್ತೀರಿ, ಮೊಣಕಾಲು ಎಷ್ಟು ಬಾಗುತ್ತದೆ ಅಂತ ಇಲ್ಲಿಂದ ಗೊತ್ತಾಗುತ್ತದೆ. ಕಾಲು ಗೆರೆ ತುಳಿಯುತ್ತಿದೆಯೇ ಅನ್ನುವುದೂ ಗೊತ್ತಾಗುತ್ತದೆ. ಇನ್ನೊಂದು ಜಾಗ ನೇರ ಬೆನ್ನ ಹಿಂದೆ. ಟಾಸ್ ಎಡಕ್ಕೋ ಬಲಕ್ಕೋ ಅನ್ನುವುದು ಇಲ್ಲಿಂದ ಮಾತ್ರ ಸರಿಯಾಗಿ ಕಾಣುತ್ತದೆ. ಓರೆಯಾಗಿ ಇಟ್ಟರೆ ಎರಡೂ ತಪ್ಪು ತಪ್ಪಾಗಿ ಕಾಣುತ್ತವೆ. ಫೋನ್ ಎದೆಯ ಎತ್ತರಕ್ಕಿರಲಿ. ನೆಲದ ಮೇಲೆ ನೀರಿನ ಬಾಟಲಿಗೆ ಒರಗಿಸಿಟ್ಟರೆ ಟಾಸ್ ಇರುವುದಕ್ಕಿಂತ ಬೇರೆ ಜಾಗದಲ್ಲಿ ಇದ್ದಂತೆ ಕಾಣುತ್ತದೆ. ವೈಡ್ ಲೆನ್ಸ್ ಬೇಡ, ಅಂಚಿನಲ್ಲಿ ಚಿತ್ರ ಬಾಗುತ್ತದೆ. ಪ್ರತಿ ಸಲ ಅದೇ ಜಾಗ, ಅದೇ ಎತ್ತರ. ಇಲ್ಲದಿದ್ದರೆ ಹೋದ ತಿಂಗಳ ವಿಡಿಯೊ ಜೊತೆ ಹೋಲಿಸಲು ಆಗುವುದಿಲ್ಲ.

ನನಗೆ ಅತಿ ಹೆಚ್ಚು ಲಾಭ ಆದದ್ದು ಟಾಸ್‌ನಲ್ಲಿ. ಸರ್ವ್ ಕೆಟ್ಟರೆ ಹೊಡೆಯುವ ಕೈಯನ್ನು ದೂರುವವರೇ ಜಾಸ್ತಿ. ಆದರೆ ಚೆಂಡು ತಲೆಯ ಹಿಂದೆ ಹೋದರೆ ಬೆನ್ನು ಬಾಗಲೇಬೇಕು, ತೀರಾ ಬದಿಗೆ ಹೋದರೆ ಕೈ ಚಾಚಲೇಬೇಕು. ಹೊಡೆಯುವ ಕೈ ಟಾಸ್‌ನ ಹಿಂದೆ ಓಡುತ್ತಿರುತ್ತದೆ ಅಷ್ಟೆ. ವಿಡಿಯೊವನ್ನು ಫ್ರೇಮ್ ಫ್ರೇಮ್ ಆಗಿ ಸರಿಸಿದಾಗ ಕಾರಣ ಸಿಗುತ್ತದೆ. ಚೆಂಡು ಬಿಡುವ ಮುಂಚೆ ಮೊಣಕೈ ಬಾಗಿತೇ? ಮಣಿಕಟ್ಟು ಮಡಚಿ ಚೆಂಡು ತಿರುಗುತ್ತಾ ಹೋಯಿತೇ? ಚೆಂಡು ಅಂಗೈಯಲ್ಲಲ್ಲ, ಬೆರಳುಗಳಲ್ಲಿ ಇರಬೇಕು. ಕೈ ನೇರವಾಗಿ ಭುಜದಿಂದ ಏಳಬೇಕು. ಹೆಚ್ಚು ಕಡಿಮೆ ಕಣ್ಣಿನ ಮಟ್ಟದಲ್ಲಿ ಚೆಂಡು ಬಿಡಬೇಕು, ಬಿಟ್ಟ ಮೇಲೂ ಕೈ ಮೇಲಕ್ಕೆ ಹೋಗುತ್ತಲೇ ಇರಬೇಕು. ಇಷ್ಟನ್ನೇ ನೋಡಿ, ಇಷ್ಟನ್ನೇ ತಿದ್ದಿದ್ದರಿಂದ ನನ್ನ ಡಬಲ್ ಫಾಲ್ಟ್‌ಗಳು (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದು) ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಟಾಸ್ ಅಭ್ಯಾಸಕ್ಕೆ ಹೊಡೆಯಲೇಬೇಕು ಅಂತೇನಿಲ್ಲ. ಮುಂದಿನ ಪಾದದ ಎದುರು ಅಂಗಳದ ಒಳಕ್ಕೆ ರಾಕೆಟ್ ಇಟ್ಟು, ಚೆಂಡು ಅದರ ತಂತಿಗಳ ಮೇಲೆ ಬೀಳುವಂತೆ ಎಸೆದರೆ ಸಾಕು. ಇನ್ನೊಂದು ಮಾತು: ಪಂದ್ಯದಲ್ಲೂ ಟಾಸ್ ಕೆಟ್ಟರೆ, ರಾಕೆಟ್ ಬೀಸದೆ ಚೆಂಡು ಹಿಡಿದುಕೊಂಡರೆ ಅದು ಫಾಲ್ಟ್ ಅಲ್ಲ. ನಿಯಮವೇ ಕೊಟ್ಟಿರುವ ಈ ಅವಕಾಶವನ್ನು ಹವ್ಯಾಸಿ ಆಟಗಾರರು ಸುಮ್ನೆ ಬಿಟ್ಟುಬಿಡುತ್ತಾರೆ.

ಎರಡನೆಯ ಲಾಭ ಎತ್ತರದ್ದು. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಬೇಸ್‌ಲೈನ್‌ನಿಂದ ನೆಟ್‌ಗೆ 39 ಅಡಿ, ನೆಟ್‌ನಿಂದ ಆಚೆಯ ಸರ್ವಿಸ್ ಲೈನ್‌ಗೆ 21 ಅಡಿ. ಈ ಗೆರೆಗೂ ನೆಟ್‌ಗೂ ನಡುವಿನ ಬಾಕ್ಸ್‌ನಲ್ಲೇ ಸರ್ವ್ ಬೀಳಬೇಕು. ನೆಟ್ ಮಧ್ಯದಲ್ಲಿ 3 ಅಡಿ ಎತ್ತರ. ಚೆಂಡು ಗೆರೆ ಎಳೆದಂತೆ ನೇರ ಹೋಗಿ ಬಾಕ್ಸ್‌ನಲ್ಲಿ ಬೀಳಬೇಕಾದರೆ ಅದನ್ನು ಎಂಟೂವರೆ ಅಡಿಗಿಂತ ಮೇಲಿನಿಂದ ಹೊಡೆಯಬೇಕು. ಅದೂ ನೆಟ್‌ಗೆ ಸವರಿಕೊಂಡು ಹೋಗುವಂತೆ. ಸಾಮಾನ್ಯ ಎತ್ತರದವರು ಕೈಯನ್ನು ಪೂರ್ತಿ ಚಾಚಿ ಹೊಡೆದರೂ ಹೆಚ್ಚು ಕಡಿಮೆ ಅಲ್ಲಿಗೇ ಮುಟ್ಟುವುದು. ಹಾಗಾಗಿ ಚೆಂಡನ್ನು ಕೆಳಕ್ಕೆ ಕುಟ್ಟುವ ಮಾತೇ ಇಲ್ಲ. ಮೇಲಕ್ಕೆ ಹೊಡೆಯಬೇಕು, ಕೆಳಗಿಳಿಸುವ ಕೆಲಸ ಗುರುತ್ವ ಮತ್ತು ಸ್ಪಿನ್‌ನದ್ದು (ಚೆಂಡಿನ ತಿರುಗುವಿಕೆ). ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಚೆಂಡು ತಾಗುವ ಫ್ರೇಮ್ ನೋಡಿ. ಮೊಣಕೈ ನೇರವಾಗಿದೆಯೇ? ತಲೆ ಇನ್ನೂ ಮೇಲೆ ಇದೆಯೇ, ಅಥವಾ ಆಗಲೇ ಬಾಕ್ಸ್ ಕಡೆಗೆ ಇಳಿದಿದೆಯೇ? ತಲೆ ಬೇಗ ಇಳಿದರೆ ಭುಜವೂ ಇಳಿಯುತ್ತದೆ, ಚೆಂಡು ನೆಟ್‌ಗೆ ಹೋಗುತ್ತದೆ.

ಗ್ರಿಪ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸರ್ವ್‌ಗೆ ಕಾಂಟಿನೆಂಟಲ್ ಗ್ರಿಪ್, ಅಂದರೆ ಸುತ್ತಿಗೆ ಹಿಡಿದಂತೆ. ಹಿಡಿಕೆಯ ಎಂಟು ಮುಖಗಳಲ್ಲಿ ಮೇಲಿನದು ಒಂದನೆಯದಾದರೆ, ಅದರ ಬಲಕ್ಕಿರುವ ಓರೆ ಮುಖದ ಮೇಲೆ ಬಲಗೈ ತೋರುಬೆರಳಿನ ಬುಡದ ಗೆಣ್ಣು ಕೂರಬೇಕು. ಗ್ರಿಪ್ ಸರಿ ಇದೆಯೇ ಅಂತ ವಿಡಿಯೊದಲ್ಲಿ ಕೈ ನೋಡಿದರೆ ತಿಳಿಯುವುದಿಲ್ಲ, ರಾಕೆಟ್ ನೋಡಬೇಕು. ಚೆಂಡಿನ ಕಡೆಗೆ ಮೇಲೇರುವಾಗ ರಾಕೆಟ್‌ನ ಅಂಚು ಮುಂದಿರಬೇಕು, ಕೊನೆ ಗಳಿಗೆಯಲ್ಲಿ ಮುಂಗೈ ತಿರುಗಿ ತಂತಿಗಳು ಎದುರಾಗಬೇಕು. ಮೊದಮೊದಲು ಚೆಂಡು ಎಡಕ್ಕೆ ಹಾರುತ್ತದೆ. ಬೇಸ್‌ಲೈನ್ ಬಿಟ್ಟು ಸರ್ವಿಸ್ ಲೈನ್ ಹತ್ತಿರ ನಿಂತು ಮೆಲ್ಲಗೆ ಹೊಡೆಯುತ್ತಾ ಹೋದರೆ ಕೈಗೆ ಹತ್ತುತ್ತದೆ.

ಕ್ಯಾಮೆರಾದಿಂದ ವೇಗವನ್ನೂ ಅಳೆಯಬಹುದು. ಚೆಂಡು ತಾಗಿದ ಫ್ರೇಮ್‌ನಿಂದ ಪುಟಿದ ಫ್ರೇಮ್‌ವರೆಗೆ ಎಣಿಸಿ. 240 ಫ್ರೇಮ್ ವಿಡಿಯೊದಲ್ಲಿ 150 ಫ್ರೇಮ್ ಬಂದರೆ 0.625 ಸೆಕೆಂಡ್. ಚೆಂಡು ಸರ್ವಿಸ್ ಲೈನ್ ಹತ್ತಿರ ಬಿದ್ದಿದ್ದರೆ ದೂರ ಸುಮಾರು 18.3 ಮೀಟರ್. ಅಂದರೆ ಗಂಟೆಗೆ ಸುಮಾರು 105 ಕಿಲೋಮೀಟರ್. ಇದು ದಾರಿಯುದ್ದದ ಸರಾಸರಿ. ಗಾಳಿಯಲ್ಲಿ ಚೆಂಡು ನಿಧಾನವಾಗುತ್ತಾ ಹೋಗುವುದರಿಂದ ರಾಕೆಟ್ ಬಿಟ್ಟಾಗಿನ ವೇಗ ಇದಕ್ಕಿಂತ ಜಾಸ್ತಿ ಇರುತ್ತದೆ. 2016ರಲ್ಲಿ ಅಮೆರಿಕದ ಆಟಗಾರ ಜಾನ್ ಇಸ್ನರ್ ಹೊಡೆದ 253 ಕಿಲೋಮೀಟರ್‌ನಂಥ ಅಂಕಿಗಳು ಚೆಂಡು ರಾಕೆಟ್ ಬಿಟ್ಟ ಕೂಡಲೇ ರಾಡಾರ್ ಅಳೆದವು. ಅವುಗಳ ಜೊತೆ ಹೋಲಿಸಬೇಡಿ, ನಿಮ್ಮದೇ ಹಳೆಯ ಎಣಿಕೆಯ ಜೊತೆ ಹೋಲಿಸಿ. ತಾನಾಗಿಯೇ ವೇಗ ತೋರಿಸುವ ಒಂದು ಆ್ಯಪ್ ಕೂಡ ಬಳಸಿದ್ದೆ. ಫೋನಿನ ಜಾಗ ಸ್ವಲ್ಪ ಬದಲಾದರೂ ಅದರ ಅಂಕಿ ಬದಲಾಗುತ್ತಿತ್ತು. ಕೈಯಿಂದ ಎಣಿಸುವುದೇ ವಾಸಿ ಅನ್ನಿಸಿತು.

ಇನ್ನು ಕೊರತೆ. ಕ್ಯಾಮೆರಾ ಎಲ್ಲವನ್ನೂ ತೋರಿಸುತ್ತದೆ, ಯಾವುದನ್ನು ಮೊದಲು ತಿದ್ದಬೇಕು ಅಂತ ಹೇಳುವುದಿಲ್ಲ. ಒಂದೇ ಸರ್ವ್‌ನಲ್ಲಿ ಐದಾರು ದೋಷ ಕಾಣುತ್ತವೆ. ಅದರಲ್ಲಿ ನಾಲ್ಕು, ಮೊದಲನೆಯದರಿಂದಲೇ ಹುಟ್ಟಿದವು ಆಗಿರಬಹುದು. ಒಳ್ಳೆಯ ಕೋಚ್ ಬೇರು ಯಾವುದು ಅಂತ ಒಂದೇ ನೋಟಕ್ಕೆ ಹಿಡಿಯುತ್ತಾರೆ. ನಮಗೆ ಅದು ಸಾಧ್ಯವಿಲ್ಲವಾದ್ದರಿಂದ ನಾನು ಹೊತ್ತಿನ ಕ್ರಮ ಹಿಡಿಯುತ್ತೇನೆ: ಚಲನೆಯಲ್ಲಿ ಮೊದಲು ಬರುವುದನ್ನು ಮೊದಲು ತಿದ್ದುವುದು. ಗ್ರಿಪ್, ನಿಲುವು, ಟಾಸ್, ಆಮೇಲೆ ಉಳಿದದ್ದು. ಅಂಗಳಕ್ಕೆ ಹೋಗುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಬೇಕು, ಆವತ್ತಿನ ವಿಡಿಯೊದಲ್ಲಿ ಅದನ್ನು ಮಾತ್ರ ನೋಡಬೇಕು. ಪ್ರಶ್ನೆಯಿಲ್ಲದೆ ತೆಗೆದ ವಿಡಿಯೊ ಫೋನ್ ತುಂಬಿಸುತ್ತದೆ, ಸರ್ವ್ ಸುಧಾರಿಸುವುದಿಲ್ಲ.

ದೊಡ್ಡ ಆಟಗಾರರ ವಿಡಿಯೊ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದೇ. ಆದರೆ ಆಂಡಿ ರಾಡಿಕ್ ರಾಕೆಟನ್ನು ಹಿಂದಕ್ಕೆ ಒಯ್ಯುತ್ತಿದ್ದದ್ದು ಬಹಳ ಚಿಕ್ಕ ದಾರಿಯಲ್ಲಿ. ಗೊರಾನ್ ಇವಾನಿಸೆವಿಚ್ ಟಾಸ್ ತೀರಾ ಗಿಡ್ಡ. ನಕಲು ಮಾಡಬೇಕಾದದ್ದು ಅವರವರ ಶೈಲಿಯನ್ನಲ್ಲ, ಎಲ್ಲರಲ್ಲೂ ಸಮಾನವಾಗಿರುವುದನ್ನು: ಬೆನ್ನ ಹಿಂದೆ ರಾಕೆಟ್ ಆಳಕ್ಕಿಳಿಯುವುದು, ಚಾಚಿದ ಕೈ, ಮುಂಗೈ ತಿರುವು. ಮೇಲಿನ ಮಟ್ಟದಲ್ಲೂ ಹೊರಗಿನ ಕಣ್ಣು ಬೇಕಾಗುತ್ತದೆ. ಅರಿನಾ ಸಬಲೆಂಕಾ 2022ರಲ್ಲಿ 400ಕ್ಕೂ ಹೆಚ್ಚು ಡಬಲ್ ಫಾಲ್ಟ್ ಮಾಡಿದ್ದರು. ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ಅಧ್ಯಯನ) ತಜ್ಞರ ಜೊತೆ ಕೂತು ಸರ್ವ್ ತಿದ್ದಿಕೊಂಡರು, 2023ರ ಆಸ್ಟ್ರೇಲಿಯನ್ ಓಪನ್ ಗೆದ್ದರು. ಈ ಸುದ್ದಿ ನನಗೆ ಬಹಳ ಧೈರ್ಯ ಕೊಟ್ಟಿದೆ.

ಭುಜ ಅಥವಾ ಮೊಣಕೈ ನೋಯುತ್ತಿದ್ದರೆ ಕ್ಯಾಮೆರಾ ಬದಿಗಿಟ್ಟು ಬಲ್ಲವರ ಹತ್ತಿರ ಹೋಗಿ. ನೋವು ವಿಡಿಯೊದಲ್ಲಿ ಕಾಣುವುದಿಲ್ಲ. ದಣಿವು ಮಾತ್ರ ಕಾಣುತ್ತದೆ. ಮೊಣಕಾಲು ಬಾಗುವುದು ಕಡಿಮೆಯಾದ ಕೂಡಲೇ ನಾನು ಆ ದಿನದ ಅಭ್ಯಾಸ ನಿಲ್ಲಿಸುತ್ತೇನೆ. ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೂ ಈ ದಾರಿ ಬೇಡ, ಅವರಿಗೆ ಕಲಿಸುವವರೇ ಬೇಕು.

ಆಟ ಗೊತ್ತಿದ್ದು, ಸರ್ವ್ ಒಂದೇ ಕೈಕೊಡುತ್ತಿರುವವರಿಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ. ಹೊಸ ಫೋನ್ ಬೇಕಿಲ್ಲ, ಇರುವ ಫೋನಿನಲ್ಲಿ 120 ಫ್ರೇಮ್ ಸಿಕ್ಕಿದರೂ ಶುರು ಮಾಡಬಹುದು. ದುಡ್ಡು ಹಾಕುವುದಾದರೆ ಎದೆ ಎತ್ತರಕ್ಕೆ ಬರುವ, ಅಲುಗಾಡದ ಟ್ರೈಪಾಡ್‌ಗೆ ಹಾಕಿ. ಗಾಳಿ ಇದ್ದರೆ ಅದಕ್ಕೆ ಕಿಟ್ ಬ್ಯಾಗ್ ನೇತುಹಾಕಿ. ಉಳಿದ ದುಡ್ಡಿಗೆ ಒಂದು ಬುಟ್ಟಿ ಚೆಂಡು ತನ್ನಿ.