ಬಾಲಣ್ಣನ ಮಾತು ಅಪ್ಪನ ಕಿವಿಗೆ: ಟಿವಿ ಹೆಡ್‌ಫೋನ್ ಜೊತೆ ಮೂರು ತಿಂಗಳು

ಅಪ್ಪನಿಗೆ ಈಗ 77. ಚಿತ್ರದುರ್ಗದ ಕಡೆ ಸರ್ಕಾರಿ ಬಸ್ಸಿನಲ್ಲಿ 33 ವರ್ಷ ಕಂಡಕ್ಟರ್ ಆಗಿದ್ದವರು. ಇಂಜಿನ್ ಸದ್ದು, ಸೀಟಿ, ಹಾರನ್ನು, ಟಿಕೆಟ್ ಟಿಕೆಟ್ ಅನ್ನೋ ಕೂಗು, ಇಷ್ಟರ ನಡುವೆಯೇ ಆಯಸ್ಸಿನ ಮುಕ್ಕಾಲು ಕಳೆದುಹೋಯ್ತು. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಕಿವಿ ಮಂದವಾಗತೊಡಗಿತು. ಅಮ್ಮನೂ ಅವರೂ ಮೈಸೂರಿಗೆ ನಮ್ಮ ಮನೆಗೆ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದ್ದು. ಕಿವಿಗೆ ಹಾಕೋ ಮೆಷಿನ್ ಬಂತು. ಎದುರು ಕೂತು ಮಾತಾಡಿದರೆ ಚೆನ್ನಾಗಿ ಕೇಳುತ್ತೆ. ಟಿವಿ ಮುಂದೆ ಮಾತ್ರ ಕಷ್ಟ ತಪ್ಪಲಿಲ್ಲ. ಹತ್ತಡಿ ದೂರದ ಟಿವಿಯ ಮಾತಿನ ಜೊತೆ ಫ್ಯಾನು, ಮಿಕ್ಸಿ, ಕುಕ್ಕರ್ ಎಲ್ಲವೂ ಮೆಷಿನ್ನಿನೊಳಗೆ ಬಂದು ಸೇರುತ್ತವೆ.

ಅಪ್ಪನಿಗೆ ಬೇಕಾದ ವಾಲ್ಯೂಮ್ 45. ಅಮ್ಮನಿಗೆ 12 ಸಾಕು. ಸಂಜೆ ಏಳರಿಂದ ಒಂಬತ್ತರವರೆಗೆ ರಿಮೋಟಿಗಾಗಿ ಇಬ್ಬರ ನಡುವೆ ನಡೆಯುತ್ತಿದ್ದದ್ದನ್ನು ಬರೆಯೋದು ಬೇಡ. ಕೊನೆಗೆ ಅಪ್ಪ ಟಿವಿ ನೋಡೋದನ್ನೇ ಬಿಟ್ಟರು. "ನಂಗೇನು ಬೇಡ ಕಣವ್ವ, ನೀವು ನೋಡ್ಕಳಿ" ಅಂತ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಯಾಕೆಂದರೆ ನಮ್ಮಪ್ಪ ಸಿನಿಮಾದ ಮನುಷ್ಯ. 'ನಾಗರಹಾವು' ಷೂಟಿಂಗ್ ದುರ್ಗದ ಕೋಟೆಯಲ್ಲಿ ನಡೆಯುವಾಗ ಊಟ ಬಿಟ್ಟು ಬೆಟ್ಟ ಹತ್ತಿ ನಿಂತಿದ್ದವರು. 1972ರ ಡಿಸೆಂಬರ್ ಕೊನೆಗೆ ಚಿತ್ರ ಬಿಡುಗಡೆಯಾಯ್ತಲ್ಲ, ಆ ಸಂಕ್ರಾಂತಿಯೊಳಗೆ ನಾಲ್ಕು ಸಲ ನೋಡಿದ್ದೆ ಅಂತ ಈಗಲೂ ಬೆರಳು ಮಡಚಿ ಲೆಕ್ಕ ಹೇಳುತ್ತಾರೆ.

ಮೊದಲು ತಂದದ್ದು ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್. ಅಂಗಡಿಯವರು ಟಿವಿಗೂ ಆಗುತ್ತೆ ಅಂದರು, ಕನೆಕ್ಟ್ ಆಯ್ತು, ಶಬ್ದವೂ ದೊಡ್ಡದಾಗಿ ಬಂತು. ಅಪ್ಪ ಐದು ನಿಮಿಷ ಹಾಕಿಕೊಂಡು ತೆಗೆದಿಟ್ಟರು. "ತಲೆ ತಿರುಗ್ತದೆ" ಅಂದರು. ನಾನು ಹಾಕಿ ನೋಡಿದರೆ ಬಾಯಿ ಆಡಿದ ಮೇಲೆ ಒಂದು ಗಳಿಗೆ ಬಿಟ್ಟು ಮಾತು ಬರುತ್ತಿತ್ತು. ನನಗೆ ಅದು ಅಂಥಾ ತೊಂದರೆ ಅನ್ನಿಸಲಿಲ್ಲ. ಇಷ್ಟಕ್ಕೆ ಯಾಕೆ ತಲೆ ತಿರುಗಬೇಕು ಅಂತ ಅರ್ಥವೇ ಆಗಲಿಲ್ಲ.

ಅರ್ಥವಾದದ್ದು ಒಂದು ವಾರದ ನಂತರ. ಭಾನುವಾರ ಮಧ್ಯಾಹ್ನ ಯಾವುದೋ ಹಳೇ ಕಪ್ಪುಬಿಳುಪು ಚಿತ್ರ ಬರುತ್ತಿತ್ತು. ಅಪ್ಪ ಮೆಷಿನ್ ಹಾಕಿಕೊಂಡು ಮುಂದೆ ಬಾಗಿ ಕೂತಿದ್ದರು. ನಟರು ಕ್ಯಾಮೆರಾ ಕಡೆ ಮುಖ ಮಾಡಿದ್ದಾಗ ಸುಮ್ಮನೆ ನೋಡುತ್ತಾರೆ. ಯಾರಾದರೂ ಬೆನ್ನು ತಿರುಗಿಸಿದರೆ ಸಾಕು, "ಏನಂದ್ರು?" ಅಂತ ಕೇಳುತ್ತಾರೆ. ಮುಖ ಈ ಕಡೆ ಬಂದರೆ ಮತ್ತೆ ಸುಮ್ಮನಾಗುತ್ತಾರೆ. ಮೂರು ನಾಲ್ಕು ಸಲ ಹೀಗಾದ ಮೇಲೆ ನನಗೆ ಹೊಳೆಯಿತು, ಅಪ್ಪ ಇಷ್ಟು ದಿನ ಮಾತನ್ನು ಕೇಳುತ್ತಿರಲಿಲ್ಲ, ತುಟಿ ಓದುತ್ತಿದ್ದರು. ಅರ್ಧ ಕಿವಿ, ಅರ್ಧ ಕಣ್ಣು. ಡಬ್ ಮಾಡಿದ ಧಾರಾವಾಹಿಗಳನ್ನು ಕಂಡರೆ ಅವರಿಗೆ ಯಾಕೆ ಆಗಿಬರಲ್ಲ ಅನ್ನೋದೂ ಆಗಲೇ ತಿಳಿಯಿತು. ತುಟಿ ಒಂದು ಹೇಳುತ್ತೆ, ಕಿವಿಗೆ ಇನ್ನೊಂದು ಬರುತ್ತೆ. ಬ್ಲೂಟೂತಿನ ಆ ಒಂದು ಗಳಿಗೆ ತಡ ನಮಗೆ ಸಣ್ಣ ಕಿರಿಕಿರಿ, ಅವರಿಗೆ ಕಣ್ಣಿನ ಅರ್ಧವನ್ನೂ ಕಿತ್ತುಕೊಂಡ ಹಾಗೆ.

ಆಮೇಲೆ ವಿಚಾರಿಸಿ ತಂದದ್ದು ಟಿವಿಗಾಗಿಯೇ ಮಾಡಿದ ರೇಡಿಯೋ ತರಂಗದ ಹೆಡ್‌ಫೋನ್. ಇದರಲ್ಲಿ ಬ್ಲೂಟೂತಿನ ಆ ತಡ ಗೊತ್ತಾಗಲ್ಲ. ಕಂಪನಿ ಹೆಸರು ಹಾಕುತ್ತಿಲ್ಲ, ಈ ಬಗೆಯದ್ದನ್ನು ಹಲವರು ಮಾಡುತ್ತಾರೆ, ನಾನು ಹೇಳೋದು ಆ ಬಗೆಯ ಬಗ್ಗೆ. ನಮಗೆ ಬಿದ್ದದ್ದು 7,490 ರೂಪಾಯಿ. ಟಿವಿ ಪಕ್ಕ ಇಡೋಕೆ ಒಂದು ಪುಟ್ಟ ಸ್ಟ್ಯಾಂಡ್ ಇದೆ. ಶಬ್ದ ಕಳಿಸೋದೂ ಅದೇ, ಚಾರ್ಜ್ ಮಾಡೋದೂ ಅದೇ. ಹೆಡ್‌ಫೋನನ್ನು ಅದರ ಮೇಲೆ ನೇತುಹಾಕಿದರೆ ಆಯ್ತು, ವೈರ್ ಚುಚ್ಚೋ ಗೋಜಿಲ್ಲ. ವಯಸ್ಸಾದವರ ಕೈ ನಡುಗುವಾಗ ಇದು ಎಷ್ಟು ದೊಡ್ಡ ಅನುಕೂಲ ಅನ್ನೋದು ಅಪ್ಪನನ್ನು ನೋಡಿದರೆ ತಿಳಿಯುತ್ತೆ.

ಜೋಡಿಸುವಾಗ ಒಂದೇ ಕಡೆ ಸಿಕ್ಕಿಹಾಕಿಕೊಂಡೆ. ಟಿವಿ ಹಿಂದಿನ ಆಪ್ಟಿಕಲ್ ತೂತಿಗೆ ಕೇಬಲ್ ಹಾಕಿದೆ, ಕೆಂಪು ಬೆಳಕೂ ಬಂತು, ಶಬ್ದವೇ ಇಲ್ಲ. ಅರ್ಧ ದಿನ ಒದ್ದಾಡಿ, ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಔಟ್‌ಪುಟ್ ಅನ್ನೋದನ್ನು 'ಆಟೋ'ದಿಂದ 'ಪಿಸಿಎಂ'ಗೆ ಬದಲಾಯಿಸಿದ ಮೇಲೆ ಸರಿಯಾಯ್ತು. ತಗೊಳ್ಳೋರು ಇದೊಂದನ್ನು ನೆನಪಿಟ್ಟುಕೊಳ್ಳಿ, ಎಷ್ಟೋ ಜನ ಇಲ್ಲೇ ಸೋತು ವಾಪಸ್ ಕೊಟ್ಟುಬಿಡುತ್ತಾರೆ. ಆಪ್ಟಿಕಲ್‌ನಲ್ಲಿ ಕೊಟ್ಟಿದ್ದರಿಂದ ನಮ್ಮ ಟಿವಿಯ ಸ್ವಂತ ಸ್ಪೀಕರ್ ಕೂಡ ನಡೆಯುತ್ತೆ. ಅಮ್ಮನಿಗೆ 12, ಅಪ್ಪನಿಗೆ ಅವರ ಕಿವಿ ಪಕ್ಕದಲ್ಲೇ ಬೇಕಾದಷ್ಟು. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಒಂದೇ ಸಿನಿಮಾ ನೋಡಿದ್ದು ಎರಡು ವರ್ಷದ ಮೇಲೆ.

ಮೊದಲ ದಿನ ಹಾಕಿದ್ದು 'ಬಂಗಾರದ ಮನುಷ್ಯ'. ಅಪ್ಪನದೇ ಆಯ್ಕೆ. ರಾಜಣ್ಣನಿಗಾಗಿ ಕೇಳಿದ್ದಾರೆ ಅಂದುಕೊಂಡಿದ್ದೆ. ಅಲ್ಲ. ರಾಚೂಟಪ್ಪನ ಪಾತ್ರದಲ್ಲಿ ಬಾಲಕೃಷ್ಣ ಬಂದು ಬಾಯಿ ತೆರೆದ ತಕ್ಷಣ ಅಪ್ಪನ ಮುಖ ಅರಳಿಬಿಟ್ಟಿತು. ಆ ಮೂಗಿನಿಂದ ಬರುವ, ಒಂದೊಂದು ಪದವನ್ನೂ ಎಳೆದು ತೂಗಿ ಕೊಡುವ ದನಿ. "ಬಾಲಣ್ಣಾ..." ಅಂತ ಜೋರಾಗಿ ಕೂಗಿದರು. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ. ಅಡುಗೆಮನೆಯಿಂದ ನಾನೇ ಓಡಿ ಬಂದೆ.

ಆಮೇಲೆ ಅಪ್ಪ ಹೇಳಿದ್ದು ಕೇಳಿ ನನ್ನ ಗಂಟಲು ಕಟ್ಟಿತು. "ಬಾಲಣ್ಣಂಗೂ ಕಿವಿ ಕೇಳ್ತಿರಲಿಲ್ಲ ಗೊತ್ತಾ ನಿಂಗೆ?"

ನಿಜ. ಟಿ.ಎನ್. ಬಾಲಕೃಷ್ಣ ಅವರಿಗೆ ಶ್ರವಣದೋಷವಿತ್ತು. 1943ರ 'ರಾಧಾರಮಣ'ದಿಂದ ಹಿಡಿದು ಸುಮಾರು ಐದು ದಶಕ, 500ಕ್ಕೂ ಹೆಚ್ಚು ಚಿತ್ರ. ನಗಿಸುವ ಪಾತ್ರ, ಮನೆ ಒಡೆಯುವ ಕುತಂತ್ರಿ, ಜಿಪುಣ, ರಾಚೂಟಪ್ಪನಂಥ ಒಳ್ಳೆ ಜೀವ, ಎಲ್ಲವನ್ನೂ ಮಾಡಿದ ಮನುಷ್ಯ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರಂತೆ. ಅವರ ಯಾವ ದೃಶ್ಯ ಬೇಕಾದರೂ ಹಾಕಿ ನೋಡಿ. ಮಾತಿಗೆ ಮಾತು ಕೂರುವ ಜಾಗದಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಿರಲ್ಲ. ನರಸಿಂಹರಾಜು ಅವರಂಥ ಚುರುಕಿನ ನಟರ ಎದುರು ನಿಂತರೂ ಅಷ್ಟೇ. ಅವರ ದೃಷ್ಟಿ ಎದುರಿನವರ ಮುಖದ ಮೇಲೆ ನೆಟ್ಟಿರುತ್ತಿತ್ತಲ್ಲ, ಪಾತ್ರದ ಹೊಂಚುಬುದ್ಧಿ ಅಂತ ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಈಗ ಅಪ್ಪನ ಪಕ್ಕ ಕೂತು ನೋಡುವಾಗ ಅದರಲ್ಲಿ ಬೇರೆಯದೇ ಕಾಣುತ್ತೆ. ಅಪ್ಪನೂ ಹಾಗೇ ನೋಡುತ್ತಾರೆ, ಅದೇ ಬಾಗು, ಅದೇ ರೆಪ್ಪೆ ಬಡಿಯದ ನೋಟ.

ಅವತ್ತಿಂದ ಹೆಡ್‌ಫೋನ್ ಹೇಗಿದೆ ಅಂತ ನೋಡೋಕೆ ನಮ್ಮ ಮನೆಯಲ್ಲಿ ಹಳೇ ನಟರ ದನಿಯೇ ಅಳತೆಗೋಲು. ಬಾಲಣ್ಣನ ದನಿ ಎತ್ತರದ್ದು, ಚೂಪಾದದ್ದು, ಬೇಗ ಕಿವಿಗೆ ಹತ್ತುತ್ತೆ. ನಿಜವಾದ ಪರೀಕ್ಷೆ ಅಶ್ವಥ್ ಅವರದ್ದು.

ಕೆ.ಎಸ್. ಅಶ್ವಥ್ ಮೈಸೂರಿನವರು. 1955ರ 'ಸ್ತ್ರೀರತ್ನ'ದಲ್ಲಿ ನಾಯಕನಾಗಿ ಬಂದು, ನಾರದನಾಗಿ, ಅಣ್ಣನಾಗಿ, ಆಮೇಲೆ ಇಡೀ ಕನ್ನಡನಾಡಿಗೇ ಅಪ್ಪನಾಗಿ 300ಕ್ಕೂ ಹೆಚ್ಚು ಚಿತ್ರ ಮಾಡಿದವರು. ಅವರು ಕೂಗಾಡಿದ್ದು ಕಮ್ಮಿ. ದುಃಖ ಹೆಚ್ಚಾದಷ್ಟೂ ದನಿ ಇಳಿಯುತ್ತಾ ಹೋಗುತ್ತೆ, ವಾಕ್ಯದ ಕೊನೆಯ ಪದ ಉಸಿರಲ್ಲೇ ಮುಗಿಯುತ್ತೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳೋದು ಇಂಥದ್ದನ್ನೇ. ಸ, ಶ, ತ, ಕ ಮುಂತಾದ ಸಣ್ಣ ಸದ್ದುಗಳು ಜಾರಿಹೋಗುತ್ತವೆ. ಬರೀ ಸ್ವರ ಉಳಿಯುತ್ತೆ. ಕಾಸು ಅಂದರೂ ಕಾಲು ಅಂದರೂ ಒಂದೇ.

'ನಾಗರಹಾವು' ಹಾಕಿದೆವು. ಅಲಮೇಲುವನ್ನು ಮರೆತುಬಿಡು ಅಂತ ಚಾಮಯ್ಯ ಮೇಷ್ಟ್ರು ರಾಮಾಚಾರಿಗೆ ಹೇಳುವ ಭಾಗ. ಮೇಷ್ಟ್ರಿಗೆ ತಾನು ಕೇಳುತ್ತಿರೋದು ಎಂಥದ್ದು ಅಂತ ಗೊತ್ತು, ಆದರೂ ಕೇಳಬೇಕು. ಅಶ್ವಥ್ ಅವರ ದನಿಯಲ್ಲಿ ಗುರುವಿನ ಅಧಿಕಾರವೂ ಇದೆ, ಬೇಡುವವನ ನಾಚಿಕೆಯೂ ಇದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನಾನು ಗಾಬರಿಯಾಗಿ, ನಿದ್ದೆ ಬಂತಾ ಅಂತ ಭುಜ ಮುಟ್ಟಿದೆ. ಒಂದು ಕಿವಿಯ ಬಟ್ಟಲು ಸರಿಸಿ "ಕೇಳ್ತಿದೀನಿ ಕಣವ್ವ" ಅಂದರು. ತುಟಿ ನೋಡದೆ ಅಪ್ಪ ಸಿನಿಮಾ ಕೇಳಿದ್ದು ಎಷ್ಟು ವರ್ಷದ ಮೇಲೋ. ಈ ವಸ್ತುವಿಗೆ ನಾನು ಕೊಟ್ಟ ದುಡ್ಡು ಅವತ್ತೇ ವಸೂಲಾಯ್ತು.

ತುಂಗಮ್ಮನಾಗಿ ಲೀಲಾವತಿ ಅವರು ಗಂಡನ ಹಿಂದೆ ನಿಂತು ಆಡುವ ಸಣ್ಣ ಮಾತುಗಳೂ ಸಿಕ್ಕವು. ಅಮ್ಮನಿಗೆ ಅವರೇ ಇಷ್ಟ. ರಾಮಾಚಾರಿಯಾಗಿದ್ದ ವಿಷ್ಣುವರ್ಧನ್ 2009ರ ಡಿಸೆಂಬರ್ 30ಕ್ಕೆ ಹೋದರು, ಅಶ್ವಥ್ 2010ರ ಜನವರಿ 18ಕ್ಕೆ. ಇಬ್ಬರೂ ಮೈಸೂರಿನಲ್ಲೇ. "ಶಿಷ್ಯ ಹೋದ 19 ದಿನಕ್ಕೆ ಮೇಷ್ಟ್ರು" ಅಂತ ಅಪ್ಪ ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ನಾವು ಮೊದಲ ಬಾರಿಗೆ ಕೇಳಿದ ಹಾಗೆ ಕೇಳುತ್ತೇವೆ.

ಕೊರತೆಗಳನ್ನೂ ಹೇಳಬೇಕು. ಇದರಲ್ಲಿ ಮಾತು ಎತ್ತಿಕೊಡೋಕೆ ಅಂತಲೇ ಒಂದು ಬಟನ್ ಇದೆ. ಹಳೇ ಚಿತ್ರಗಳಿಗೆ ಅದನ್ನು ಒತ್ತಿದರೆ ಮಾತಿನ ಜೊತೆಗೆ ರೀಲಿನ ಸರ್ರ್ ಅನ್ನೋ ಸದ್ದೂ ಏಳುತ್ತೆ. ಎಪ್ಪತ್ತರ ದಶಕದ ಚಿತ್ರಗಳಿಗೆ ಆರಿಸಿಟ್ಟು ಬರೀ ವಾಲ್ಯೂಮ್ ಏರಿಸೋದೇ ಮೇಲು. ಹೊಸ ಚಿತ್ರಗಳಿಗೆ ಅದೇ ಬಟನ್ ಬೇಕೇ ಬೇಕು. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡುವಾಗ ಮೊದಲ ಅರ್ಧ ಗಂಟೆ ಅಪ್ಪನಿಗೆ ಏನೂ ಹತ್ತಲಿಲ್ಲ. ಹಿನ್ನೆಲೆ ಸಂಗೀತ, ರಸ್ತೆ ಸದ್ದು ಎಲ್ಲಾ ತುಂಬಿರುವ ಧ್ವನಿ ಅದು. ಬಟನ್ ಒತ್ತಿದ ಮೇಲೆ ಅನಂತನಾಗ್ ಅವರ ವೆಂಕೋಬರಾಯರು ತಮ್ಮಷ್ಟಕ್ಕೆ ಗೊಣಗಿಕೊಳ್ಳುವುದೂ ಸಿಕ್ಕಿತು. 1973ರ 'ಸಂಕಲ್ಪ'ದಿಂದ 2016ರ ಈ ಮರೆಗುಳಿ ಮುದುಕನವರೆಗೆ 43 ವರ್ಷ. ಹುಡುಗನಾಗಿದ್ದಾಗ ಮಾತು ಹೇಗೆ ಸಹಜವಾಗಿತ್ತೋ ಹಾಗೇ ಇದೆ, ವಯಸ್ಸು ಮಾತ್ರ ಅದರೊಳಗೆ ಬಂದು ಕೂತಿದೆ. ಚಿತ್ರ ಮುಗಿದ ಮೇಲೆ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಪೂರ್ತಿ ಹೆಸರು ಹಿಡಿದು ಕರೆದರು. "ಏನಪ್ಪಾ?" ಅಂದೆ. "ಏನಿಲ್ಲ, ನೆನಪೈತಾ ಅಂತ ನೋಡ್ಕಂಡೆ" ಅಂದರು.

ಕಿವಿ ಪೂರ್ತಿ ಮುಚ್ಚುವ ಬಟ್ಟಲು ಆದ್ದರಿಂದ ಬೇಸಿಗೆಯಲ್ಲಿ ಬೆವರುತ್ತೆ. ಏಪ್ರಿಲ್‌ನಲ್ಲಿ ಒಂದು ಹತ್ತಿ ಬಟ್ಟೆ ಹೊಲಿದು ಹೊದಿಸಿದೆ. ಇದನ್ನು ಹಾಕುವಾಗ ಅಪ್ಪ ಮೆಷಿನ್ ತೆಗೆದಿಡಬೇಕು, ಇಲ್ಲದಿದ್ದರೆ ಕುಯ್ಯ್ ಅನ್ನುತ್ತೆ. ಬ್ಯಾಟರಿ 18 ಗಂಟೆ ಅಂತ ಡಬ್ಬದ ಮೇಲಿದೆ, ನಮಗೆ 11ರಿಂದ 12 ಗಂಟೆ ಬರುತ್ತೆ, ಅಂದರೆ ನಾಲ್ಕು ಸಿನಿಮಾ. ಒಳಗಿರೋದು ಮಾಮೂಲಿ ಸಣ್ಣ ರೀಚಾರ್ಜ್ ಸೆಲ್ಲುಗಳು, ಹಾಳಾದರೆ ಅಂಗಡಿಯಲ್ಲಿ ಸಿಗುತ್ತವೆ. ಇದು ನನಗೆ ತುಂಬಾ ಹಿಡಿಸಿತು. ಎಡ ಬಲ ಬೇರೆ ಬೇರೆ ಹೆಚ್ಚುಕಮ್ಮಿ ಮಾಡುವ ತಿರುಗಣೆ ಇದೆ, ಅಪ್ಪನ ಎಡಗಿವಿ ಹೆಚ್ಚು ಮಂದ ಆದ್ದರಿಂದ ಅದು ಬಹಳ ಉಪಯೋಗ. ಹಳೇ ಚಿತ್ರಗಳಲ್ಲಿ ಎರಡೂ ಕಡೆ ಒಂದೇ ಶಬ್ದ, ಹಾಗಾಗಿ ಒಂದು ಕಿವಿ ಸೋತರೂ ಮಾತು ತಪ್ಪಲ್ಲ. ಬಾಗಿಲ ಗಂಟೆ, ಫೋನು ಯಾವುದೂ ಕೇಳಿಸಲ್ಲ. ಒಬ್ಬರೇ ಮನೆಯಲ್ಲಿರುವ ಹಿರಿಯರಿಗೆ ಕೊಡುವ ಮುಂಚೆ ಇದನ್ನು ಯೋಚಿಸಿ.

ಇನ್ನೊಂದು ಮಾತು. ಇದು ಕಿವಿ ಮೆಷಿನ್ನಿಗೆ ಬದಲಿ ಅಲ್ಲ. ಮೊದಲು ಪರೀಕ್ಷೆ ಮಾಡಿಸಿ. ಎಷ್ಟು ಕೇಳುತ್ತೆ ಅಂತ ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತಾ ಹೋದರೆ ಉಳಿದದ್ದೂ ಹೋಗುತ್ತೆ. ನಾವು ಕೇಳಿಕೊಂಡು ಬಂದು ತಿರುಗಣೆಯ ಮೇಲೆ ಉಗುರುಬಣ್ಣದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟಿದ್ದೇವೆ, ಅದರಾಚೆ ಅಪ್ಪ ಹೋಗಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಬೆವರಿಗೆ.

ಇವತ್ತು ಶನಿವಾರ. ಅಮ್ಮ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಾರೆ. ಅಪ್ಪ ಆರೂವರೆಗೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ, ಟಿವಿ ಇನ್ನೂ ಹಚ್ಚಿಲ್ಲ. ಮತ್ತೆ ರಾಚೂಟಪ್ಪ ಬೇಕಂತೆ.